ಖುರಾಕಿನ ಮೈ

ಕುಸ್ತಿ ನೋಡುವುದೇ ಬೇರೆ, ಹಿಡಿಯುವುದೇ ಬೇರೆ ಎಂದು ಗರಡಿ ಮನೆಯ ಹಿರಿಯರು ಹೇಳುತ್ತಿದ್ದರು. ಇನ್ನೊಬ್ಬರ ಮೈಯ ಅನುಭವವನ್ನು ತೊಟ್ಟವರಿಗೆ ಮುಟ್ಟಿಸುವ ಮೈಯಂಗಿ ಬಂದ ಮೇಲೆ ಆ ಮಾತಿಗೆ ಬೆಲೆ ಉಳಿಯಲಿಲ್ಲ. ಹುಬ್ಬಳ್ಳಿಯ ಅಖಾಡದಲ್ಲಿ ಹುಡುಗಿಯೊಬ್ಬಳು ಎದುರಾಳಿಯ ಸೊಂಟಕ್ಕೆ ಕೈಹಾಕಿ ಎತ್ತಿದರೆ, ಬೆಳಗಾವಿಯಲ್ಲಿ ಸೋಫಾದ ಮೇಲೆ ಕಾಲು ಚಾಚಿ ಕೂತ ಗುತ್ತಿಗೆದಾರನ ತೋಳೂ ಬಿಗಿಯುತ್ತಿತ್ತು. ಅಂಗಾಲಿಗೆ ಕೆಮ್ಮಣ್ಣಿನ ತಂಪು, ಬೆರಳಿಗೆ ಎದುರಾಳಿಯ ಬೆವರಿನ ಜಾರು, ಗೆದ್ದ ಕ್ಷಣದಲ್ಲಿ ಎದೆ ಉಬ್ಬಿ ಬರುವ ಆ ಸುಖ, ಎಲ್ಲವೂ ಅವನದೇ. ಬೆಳಗ್ಗೆ ಎದ್ದು ಬಸ್ಕಿ ಹೊಡೆಯುವುದು ಬೇಡ, ಮೈ ನುರಿಸಿಕೊಳ್ಳುವುದು ಬೇಡ. ಕೂತು ಉಣ್ಣುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಉಪಾಯ ಬಹಳ ದೊಡ್ಡದೇನಲ್ಲ. ಕುಸ್ತಿಯವರ ಬೆನ್ನುಹುರಿಯ ಉದ್ದಕ್ಕೂ, ಕೈಕಾಲಿನ ನರಗಳು ಹಾದುಹೋಗುವ ಜಾಗದಲ್ಲೂ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪಟ್ಟಿಗಳನ್ನು ಅಂಟಿಸುತ್ತಿದ್ದರು. ಮಿದುಳಿನಿಂದ ಕೈಗೆ ಹೋಗುವ ಅಪ್ಪಣೆ, ಕೈಯಿಂದ ಮಿದುಳಿಗೆ ಬರುವ ಸುದ್ದಿ, ಎರಡನ್ನೂ ಆ ಪಟ್ಟಿ ಓದಿ ನಿಯಂತ್ರಣ ಕೋಣೆಗೆ ಕಳಿಸುತ್ತಿತ್ತು. ಅಲ್ಲಿಂದ ಅದು ಲಕ್ಷಾಂತರ ಮನೆಗಳ ಮೈಯಂಗಿಗಳಿಗೆ ಹೋಗುತ್ತಿತ್ತು. ಆದರೆ ನರದಲ್ಲಿ ಬರುವ ಸುದ್ದಿಯೆಲ್ಲ ಸುಖದ ಸುದ್ದಿಯಲ್ಲವಲ್ಲ. ಮೊದಮೊದಲು ಎಲ್ಲವನ್ನೂ ಹಸಿಹಸಿಯಾಗಿ ಪ್ರಸಾರ ಮಾಡಿದಾಗ ದಾವಣಗೆರೆಯ ಮಿಠಾಯಿ ಅಂಗಡಿಯವನೊಬ್ಬ ಮೊಣಕೈ ಹಿಡಿದುಕೊಂಡು ಚೀರಿ, ಮರುದಿನ ಪ್ರಸಾರದ ಕಂಪನಿಯ ಮೇಲೆ ಕೇಸು ಹಾಕಿದ. ಅಲ್ಲಿಂದ ಮುಂದೆ ಜರಡಿ ಬಂತು. ನೋವಿನ ಸಂಕೇತಗಳನ್ನು ಗುರುತು ಹಿಡಿದು ಕೆಳಗೆ ಉದುರಿಸಿ, ಉಳಿದದ್ದನ್ನು ಮಾತ್ರ ಮುಂದೆ ಬಿಡುವ ತಂತ್ರಾಂಶವನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು.

ಈ ವ್ಯಾಪಾರದಲ್ಲಿ ಕೊಬ್ಬಿದವು ಕಾಲೇಜುಗಳು. ಅಂತರ್ ಕಾಲೇಜು ಕುಸ್ತಿಯ ಪ್ರಸಾರದಿಂದಲೇ ಹುಬ್ಬಳ್ಳಿಯ ವೀರಭುಜ ಕಾಲೇಜು ಕ್ರೀಡಾಂಗಣ ಕಟ್ಟಿತು, ಇಂಜಿನಿಯರಿಂಗ್ ಕಾಲೇಜು ಕಟ್ಟಿತು, ಅಧ್ಯಕ್ಷರಿಗೊಂದು ಹೆಲಿಪ್ಯಾಡನ್ನೂ ಕಟ್ಟಿತು. ಕುಸ್ತಿ ಹಿಡಿಯುವ ಹುಡುಗ ಹುಡುಗಿಯರಿಗೆ ಸಿಕ್ಕಿದ್ದು ಒಂದು ಸೀಟು, ಹಾಸ್ಟೆಲಿನಲ್ಲಿ ಒಂದು ಮಂಚ ಮತ್ತು ಖುರಾಕು. ಅಂದರೆ ಹಾಲು, ಬಾದಾಮಿ, ತತ್ತಿ, ತುಪ್ಪ. 'ಆಡುವ ಮಕ್ಕಳಿಗೆ ದುಡ್ಡಿನ ರುಚಿ ಹತ್ತಿಸಬಾರದು' ಎಂದು ಅಧ್ಯಕ್ಷರು ಪ್ರತಿ ಬಹುಮಾನ ಸಮಾರಂಭದಲ್ಲೂ ಹೇಳುತ್ತಿದ್ದರು. ಅವರಿಗೆ ಮಾತ್ರ ಆ ರುಚಿ ಎಂದೋ ಹತ್ತಿತ್ತು.

ಆ ಆಡುವ ಮಕ್ಕಳಲ್ಲೆಲ್ಲ ಹೆಚ್ಚು ಬಿಕರಿಯಾಗುತ್ತಿದ್ದವಳು ಕಸ್ತೂರಿ ಬಾರಕೇರ. ಬ್ಯಾಡಗಿಯ ಹುಡುಗಿ. ತಾಯಿ ದುರಗವ್ವ ಅಲ್ಲಿಯ ದಲಾಲಿ ಅಂಗಡಿಯೊಂದರಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ತಂದೆ ಇರಲಿಲ್ಲ. ಹುಡುಗಿಯ ಮಣಿಕಟ್ಟು ನೋಡಿ, ಚಿಕ್ಕಂದಿನಲ್ಲೇ ತನ್ನ ಗರಡಿಗೆ ಕರೆದುಕೊಂಡು ಹೋಗಿದ್ದವನು ಮೌಲಾಸಾಬ ಉಸ್ತಾದ. ಅವನೇ ಅವಳಿಗೆ ಪಟ್ಟು ಕಲಿಸಿದ, ಪಟ್ಟಿನ ಜೊತೆಗೆ ಗರಡಿಯ ರೀತಿ ರಿವಾಜೂ ಕಲಿಸಿದ. ಅವಳು ಕಾಲೇಜಿಗೆ ಸೇರಿದ ವರ್ಷ ಅವನು ತೀರಿಕೊಂಡ. ಕಸ್ತೂರಿಯ ಬಲಗೈ ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂಬುದು ಮೂರು ಜಿಲ್ಲೆಗೆ ಗೊತ್ತಿದ್ದ ಮಾತು. 'ಕಸ್ತೂರಿ ಹಿಡಿತ' ಎಂಬ ಹೆಸರಿನಲ್ಲಿ ಆ ಕೈಯ ನರಗಳ ಸುದ್ದಿಯನ್ನು ದಾಖಲಿಸಿಟ್ಟ ಮುದ್ರಿಕೆಗಳನ್ನು ಕಂಪನಿ ಬೇರೆಯಾಗಿಯೇ ಮಾರುತ್ತಿತ್ತು. ಬೆಳಗ್ಗೆ ಆಫೀಸಿಗೆ ಹೋಗುವ ಮೊದಲು ಒಂದು ಸಲ ಹಾಕಿಕೊಂಡರೆ ದಿನವೆಲ್ಲ ಧೈರ್ಯ ಇರುತ್ತದೆ ಎಂದು ಗುಮಾಸ್ತರು ಹೇಳುತ್ತಿದ್ದರು.

ನಿಯಂತ್ರಣ ಕೋಣೆಯಲ್ಲಿ ಜರಡಿಯ ಮುಂದೆ ಕೂರುತ್ತಿದ್ದವನು ಪ್ರಹ್ಲಾದ ಗಲಗಲಿ. ಜರಡಿಯನ್ನು ಪೂರಾ ಯಂತ್ರಕ್ಕೇ ಬಿಟ್ಟರೆ ಅದು ನೋವಿನ ಜೊತೆಗೆ ಮಜವನ್ನೂ ಉದುರಿಸಿಬಿಡುತ್ತಿತ್ತು. ಎಷ್ಟು ಬಿಗಿ ಮಾಡಬೇಕು, ಎಷ್ಟು ಸಡಿಲ ಬಿಡಬೇಕು ಎಂದು ಹದ ನೋಡಲು ಒಬ್ಬ ಮನುಷ್ಯ ಬೇಕಿತ್ತು. ಅದಕ್ಕೆ ಗಲಗಲಿಯ ಎಡಗೈಗೆ ಒಂದು ಕಡಗ ಹಾಕಿದ್ದರು. ಉದುರಿದ ನೋವಿನಲ್ಲಿ ಹತ್ತರಲ್ಲೊಂದು ಪಾಲು ಆ ಕಡಗದ ಮೂಲಕ ಅವನಿಗೆ ಬರುತ್ತಿತ್ತು. ಪ್ರಸಾರದ ಲಾಭದಲ್ಲಿ ಅವನಿಗೆ ಪಾಲಿರಲಿಲ್ಲ, ಇದರಲ್ಲಿ ಇತ್ತು. ಮನೆಗೆ ಹೋದರೆ ಹೆಂಡತಿ, 'ಇವತ್ತ ಯಾರ ಮೊಣಕಾಲರಿ?' ಎಂದು ಕೇಳಿ ನಗುತ್ತಿದ್ದಳು.

ಆ ವರ್ಷ ಕಸ್ತೂರಿಯ ಕುಸ್ತಿಯಿದ್ದಾಗಲೆಲ್ಲ ಅವನ ಕಡಗ ಕುತ್ತಿಗೆಯ ಸುದ್ದಿ ಹೇಳತೊಡಗಿತ್ತು. ಎದುರಾಳಿ ಚಿತ್ ಮಾಡಲು ಬಂದಾಗ ನೆತ್ತಿಯನ್ನು ಮಣ್ಣಿಗೆ ಊರಿ, ಬೆನ್ನನ್ನು ಕಮಾನಿನಂತೆ ಎತ್ತಿ ಹಿಡಿಯುವುದು ಅವಳ ರೂಢಿ. ಹಾಗೆ ಎತ್ತಿದಾಗಲೆಲ್ಲ ಕುತ್ತಿಗೆಯಿಂದ ಬಲಗೈಯ ಕಿರುಬೆರಳ ತನಕ ಕಾಯಿಸಿದ ತಂತಿ ಎಳೆದಂತಾಗುತ್ತಿತ್ತು. ಅವನಿಗೇ ಹಾಗಾದರೆ ಅವಳಿಗೆ ಅದರ ಹತ್ತುಪಟ್ಟು. ಗಲಗಲಿ ಹೋಗಿ ಪ್ರಸಾರದ ಮ್ಯಾನೇಜರನಿಗೆ ಹೇಳಿದ.

"ಆಕಿ ಕುತಗಿ ಸರಿ ಇಲ್ಲರಿ. ಒಂದು ನಾಲ್ಕು ತಿಂಗಳು ಬಿಡಿಸ್ರಿ."

"ನೋಡುವವರಿಗೆ ಏನರ ಗೊತ್ತಾಗಲಿಕ್ಕತ್ತದೇನು?"

"ಇಲ್ಲರಿ. ಜರಡಿ ಹಿಡೀತದ."

"ಮತ್ತಿನ್ನೇನು? ಇನ್ನಷ್ಟು ಬಿಗಿ ಮಾಡ್ರಿ."

ಅವನು ಬಿಗಿ ಮಾಡಿದ. ನೌಕರಿ ಮಾಡುವವನು ಇನ್ನೇನು ಮಾಡಿಯಾನು?

ಫೈನಲ್ಲಿನ ದಿನ ಎದುರಾಳಿ ಕಸ್ತೂರಿಯನ್ನು ಕೆಳಗೆ ಕೆಡವಿ ಪೂರ್ತಿ ಭಾರ ಹಾಕಿದಳು. ಕಸ್ತೂರಿ ನೆತ್ತಿಯೂರಿ ಬೆನ್ನೆತ್ತಿದಳು. ಗಲಗಲಿಯ ಕಡಗ ಒಮ್ಮೆಲೇ ಉರಿಯಿತು. ಅವನು ಕೈ ಒದರಿ ಎದ್ದು ನಿಂತ. ಆಮೇಲೆ ಕಡಗ ತಣ್ಣಗಾಯಿತು. ನೋವು ನಿಂತದ್ದನ್ನು ಕಂಡು ಅವನು ಇನ್ನೂ ಹೆದರಿದ. ಪರದೆಯ ಮೇಲೆ ಬಲಗೈಯ ನರಗಳ ಗೆರೆಗಳೆಲ್ಲ ನೆಟ್ಟಗೆ ಮಲಗಿಬಿಟ್ಟಿದ್ದವು. ಅತ್ತ ಅಖಾಡದಲ್ಲಿ ಅವಳು ಎಡಗೈಯಲ್ಲೇ ಎದುರಾಳಿಯನ್ನು ಉರುಳಿಸಿ ಚಿತ್ ಮಾಡಿದ್ದಳು. ಜನ ಕುಣಿದರು. ಮನೆಗಳಲ್ಲಿ ಕೂತವರ ಎದೆಗಳೂ ಉಬ್ಬಿದವು. ಪಂಚರು ಗೆದ್ದವಳ ಬಲಗೈಯನ್ನು ಮೇಲೆತ್ತಿ ತೋರಿಸಿ ಬಿಟ್ಟರು. ಬಿಟ್ಟ ಕೂಡಲೇ ಅದು ಕೆಳಗೆ ಬಿತ್ತು.

ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದರು. ಕುತ್ತಿಗೆಯಿಂದ ಕೈಗೆ ಹೋಗುವ ನರದ ಬೇರುಗಳೇ ಕಿತ್ತು ಬಂದಿವೆ. ಹೊಲಿಯಲು ಬರುವುದಿಲ್ಲ. ಆದರೆ ಈಗ ನರಸೇತುವೆ ಬಂದಿದೆ. ಕಡಿದುಹೋದ ಜಾಗದಲ್ಲಿ ಅಕ್ಕಿ ಕಾಳಿನಷ್ಟು ಗಾತ್ರದ ಯಂತ್ರ ಇಟ್ಟರೆ ಅದು ಈ ಕಡೆಯ ಮಾತನ್ನು ಆ ಕಡೆಗೆ ದಾಟಿಸುತ್ತದೆ.

"ಆದ್ರ ಅದಕ್ಕ ಇವಳ ಕೈ ಮಾತು ಕಲಿಸಬೇಕಾಗತದ," ಎಂದರು ಡಾಕ್ಟರಮ್ಮ. "ಎಲ್ಲರ ನರದ ಮಾತೂ ಒಂದೇ ಇರಂಗಿಲ್ಲ. ಕೈ ಚಲೋ ಇದ್ದಾಗ ಇವಳ ನರ ಹೆಂಗ ಮಾತಾಡತಿತ್ತು ಅನ್ನೂದರ ಮುದ್ರಿಕೆ ಬೇಕು. ಬೇರೆಯವರಿಗೆ ಅದು ಎಲ್ಲಿ ಸಿಗಬೇಕು? ನೀವು ಪುಣ್ಯವಂತರು, ನಿಮ್ಮ ಕಾಲೇಜಿನಾಗ ರಾಶಿ ರಾಶಿ ಅದ. ಹಸಿ ಮುದ್ರಿಕೇನ ತರ್ರಿ. ಜರಡಿ ಹಿಡಿದದ್ದು ಉಪಯೋಗಕ್ಕ ಬರಂಗಿಲ್ಲ. ನೋವು ತಗದಾಗ ಕೈಯಿಂದ ಬರೋ ಸುದ್ದಿ ಅರ್ಧ ಹೋಗಿರತದ. ಬಿಸಿ ಯಾವುದು, ಬಿಗಿ ಎಷ್ಟು ಗೊತ್ತಾಗದ ಕೈ ಏನ ಹಿಡೀತದ?"

"ಎಷ್ಟು ದಿನದಾಗ ತರಬೇಕ್ರಿ?" ಎಂದು ಕೇಳಿದಳು ದುರಗವ್ವ.

"ಎರಡು ವರ್ಷ ದಾಟಬಾರದು. ಆಮ್ಯಾಲೆ ಸ್ನಾಯು ಒಣಗತಾವ. ಸೇತುವೆ ಇಟ್ಟರೂ ಆ ದಂಡಿ ಮ್ಯಾಲೆ ಯಾರೂ ಇರಂಗಿಲ್ಲ."

ಇದೇನು ದೊಡ್ಡ ಮಾತು ಎಂದುಕೊಂಡು ತಾಯಿ ಮಗಳು ಕಾಲೇಜಿಗೆ ಹೋದರು. ಕಾಲೇಜು ಒಂದು ಶಾಲು ಹೊದಿಸಿ, ಹಾರ ಹಾಕಿ, ಮುದ್ರಿಕೆ ಕೊಡಲು ಬರುವುದಿಲ್ಲ ಎಂದಿತು. ಹಸಿ ಮುದ್ರಿಕೆ ಒಮ್ಮೆ ಹೊರಗೆ ಹೋದರೆ ಯಾರು ಬೇಕಾದರೂ ಅದರಿಂದ 'ಕಸ್ತೂರಿ ಹಿಡಿತ' ತಯಾರಿಸಿ ಸಂತೆಯಲ್ಲಿ ಮಾರಿಯಾರು. ಅದು ಸಂಸ್ಥೆಯ ಆಸ್ತಿ. ಅಧ್ಯಕ್ಷರಿಗೆ ಬಹಳ ಕೆಡುಕೆನಿಸಿದೆ, ಆದರೆ ನಿಯಮ ನಿಯಮವೇ.

ಜುಬೇದಾ ನದಾಫ ಎಂಬ ವಕೀಲೆ ಆಗಲೇ ಬೇರೆ ಬೇರೆ ಕಾಲೇಜುಗಳ ಕ್ರೀಡಾಪಟುಗಳನ್ನು ಕೂಡಿಸಿ, ಪ್ರಸಾರದ ಆದಾಯದಲ್ಲಿ ಪಾಲು ಕೇಳುವ ದಾವೆಯ ತಯಾರಿಯಲ್ಲಿದ್ದಳು. ಕಸ್ತೂರಿ ಮೊದಲ ಅರ್ಜಿದಾರಳಾದಳು. ಜುಬೇದಾಳ ಲೆಕ್ಕಾಚಾರ ಸರಳವಾಗಿತ್ತು. "ಪಾಲು ಸಿಕ್ಕರ ನೀವು ಪಾಲುದಾರರು. ಪಾಲುದಾರರಿಗೆ ಅಂಗಡಿ ಮಾಲು ನೋಡೋ ಹಕ್ಕು, ಒಂದು ಪ್ರತಿ ತಗೊಳ್ಳೋ ಹಕ್ಕು ತಾನ ಬರತೈತಿ. ಉಳಿದವರಿಗೆ ರೊಕ್ಕ, ನಿನಗ ಕೈ."

"ನನಗ ರೊಕ್ಕ ಬ್ಯಾಡ್ರಿ ಮೇಡಂ," ಎಂದಳು ಕಸ್ತೂರಿ.

"ಹಂಗಂತ ಕೋರ್ಟಿನಾಗ ಅನ್ನಬ್ಯಾಡ ಮತ್ತ," ಎಂದು ಜುಬೇದಾ ನಕ್ಕಳು.

ಕೋರ್ಟು ಮೆಟ್ಟಿಲು ಹತ್ತಿದರೆ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಕಡೆ ಹೇಳುತ್ತಾರೆ. ಇಂಥ ಜಗಳಗಳಿಗೆಂದೇ ಧಾರವಾಡದಲ್ಲಿ ವಿಶೇಷ ಕ್ರೀಡಾ ನ್ಯಾಯಾಲಯ ತೆರೆದಿದ್ದರು. ತೆರೆದ ಮೇಲೆ ಜಗಳ ಬೇಗ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆಟವೆಂದರೆ ದುಡಿಮೆಯೇ, ದುಡಿಮೆಯಾದರೆ ವಿದ್ಯಾರ್ಥಿ ಹೇಗೆ, ವಿದ್ಯಾರ್ಥಿಯಾದರೆ ಪಾಲು ಹೇಗೆ ಎಂದು ವಕೀಲರು ಮಾತು ತೇಯುತ್ತಲೇ ಹೋದರು. ಗಲಗಲಿಯನ್ನೂ ಕರೆಸಿ ಕೇಳಿದರು. ಹಸಿ ಮುದ್ರಿಕೆಗಳೆಲ್ಲ ಕಂಪನಿಯ ಉಗ್ರಾಣಕ್ಕೆ ಹೋಗುತ್ತವೆ ಎಂದು ಅವನು ಹೇಳಿದ. ಅವನ ಕೆಲಸ ಜರಡಿಗೆ ಮುಗಿಯುತ್ತಿತ್ತು, ಆಚೆಯದನ್ನು ಅವನು ಕಂಡವನಲ್ಲ. ಹೋಗುತ್ತವೆ ಎಂದು ಅವನಿಗೆ ಹೇಳಿದ್ದನ್ನೇ ಅವನೂ ಹೇಳಿದ. ಇತ್ತ ಕಸ್ತೂರಿಯ ಬಲಗೈ ತೆಳ್ಳಗಾಗುತ್ತ ಬಂತು. ತಾಯಿ ಪ್ರತಿದಿನ ಆ ಕೈಗೆ ಎಳ್ಳೆಣ್ಣೆ ಹಚ್ಚಿ ನೀವುತ್ತಿದ್ದಳು. ಬೆರಳು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದಳು. ಅಷ್ಟೊತ್ತೂ ಮಗಳು ಬೇರೆ ಕಡೆ ನೋಡುತ್ತಿದ್ದಳು.

ಕಾಲೇಜಿನ ವಕೀಲರು ಅಣ್ಣಾರಾವ ದೇಸಾಯಿ. ದೇಸಗತಿ ಹೋಗಿ ಬಹಳ ಕಾಲವಾಗಿದ್ದರೂ ವಾಡೆಯ ಗತ್ತು ಹೋಗಿರಲಿಲ್ಲ. ಅವರ ಮುತ್ತಜ್ಜ ಮನೆಯಲ್ಲಿ ಪೈಲ್ವಾನರನ್ನು ಸಾಕಿದ್ದವರು. ಈ ದಾವೆಯಲ್ಲಿ ಉಳಿದ ಹುಡುಗರಿಗೆ ಪಾಲು ಸಿಗುವುದನ್ನು ತಪ್ಪಿಸಲಾಗುವುದಿಲ್ಲ ಎಂಬುದು ಅವರಿಗೆ ಎಂದೋ ಹೊಳೆದಿತ್ತು. ಆದರೆ ನಿಜವಾದ ಬಂಗಾರದ ತತ್ತಿ 'ಕಸ್ತೂರಿ ಹಿಡಿತ'. ಅದೊಂದನ್ನು ಉಳಿಸಿಕೊಂಡರೆ ಸಾಕಿತ್ತು. ಅದಕ್ಕೇ ಅವರು ಉಳಿದವರನ್ನು ಬಿಟ್ಟು ಕಸ್ತೂರಿಯೊಬ್ಬಳನ್ನೇ ಪಾಟಿ ಸವಾಲಿಗೆ ಕರೆದರು.

ಜುಬೇದಾ ಅವಳನ್ನು ಚೆನ್ನಾಗಿ ತಯಾರು ಮಾಡಿದ್ದಳು. ಸೀಟು ಕೊಟ್ಟಿಲ್ಲವೇ ಎಂದರೆ ಹೀಗೆ ಹೇಳು, ಹಾಸ್ಟೆಲು ಎಂದರೆ ಹೀಗೆ, ಊಟ ಎಂದರೆ 'ಅದು ಊಟ, ಸಂಬಳ ಅಲ್ಲ' ಎನ್ನು. ಕಸ್ತೂರಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆದರೆ ದೇಸಾಯರು ಅದೊಂದನ್ನೂ ಕೇಳಲಿಲ್ಲ. ಕರಿ ಕೋಟಿನ ತೋಳು ಸರಿಮಾಡಿಕೊಂಡು, ವಕೀಲರ ದನಿ ಬಿಟ್ಟು, ಕುಸ್ತಿ ಕಣದ ಹಿರಿಯರ ದನಿಯಲ್ಲಿ ಕೇಳಿದರು.

"ಪೈಲ್ವಾನ, ಯಾವ ಗರಡಿ?"

ಇದು ಕಣದಲ್ಲಿ ಕೇಳುವ ಮಾತು. ಜೋಡಿ ಕಟ್ಟುವ ಮೊದಲು ಹಿರಿಯರು ಇಬ್ಬರನ್ನೂ ನಿಲ್ಲಿಸಿ ಯಾವ ಗರಡಿ, ಯಾರ ಖುರಾಕು, ಅವರಿಂದ ಬರಬೇಕಾದ ಬಾಕಿ ಏನಾದರೂ ಇದೆಯೇ ಎಂದು ಮೂರು ಮಾತು ಕೇಳುತ್ತಾರೆ. ಪೈಲ್ವಾನ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಉತ್ತರ ಕೊಡಬೇಕು. ಕೊನೆಯದಕ್ಕೆ ಬಾಕಿ ಇಲ್ಲ, ಎಲ್ಲ ತುಂಬಿದೆ ಎನ್ನುವುದೇ ರೂಢಿ. ತಿನ್ನಿಸಿದವರ ಹೆಸರು ಹೇಳದವನಿಗೆ, ಬಾಕಿ ಇದೆ ಎಂದು ಕಣದಲ್ಲಿ ಕೈಚಾಚಿದವನಿಗೆ ಜೋಡಿ ಸಿಗುವುದಿಲ್ಲ. ಅಂಥವನನ್ನು ಬೆಳೆಸಿದ ಉಸ್ತಾದನ ಮುಖಕ್ಕೂ ಮಸಿ. ಮೌಲಾಸಾಬನ ಹುಡುಗಿಗೆ ಇದನ್ನೆಲ್ಲ ಯಾರೂ ನೆನಪು ಮಾಡಬೇಕಾಗಿರಲಿಲ್ಲ. ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಬ್ಯಾಡಗಿ ಮೌಲಾಸಾಬ ಉಸ್ತಾದರ ಗರಡಿರಿ."

"ಯಾರ ಖುರಾಕು?"

ಅವಳು ಬಾಗಿ ಎಡಗೈಯಿಂದ ಕೋರ್ಟಿನ ಫರಸಿ ಮುಟ್ಟಿ ಹಣೆಗೊತ್ತಿಕೊಂಡಳು. "ವೀರಭುಜ ಕಾಲೇಜಿಂದುರಿ. ಈ ಮೈ ಅವರ ಖುರಾಕಿನ ಮೈ."

ಜುಬೇದಾ ಎದ್ದು ನಿಂತಳು. "ಸ್ವಾಮಿ, ಇದು ಪ್ರಶ್ನೆ ಅಲ್ಲ, ಗರಡಿ ಮಂತ್ರ..."

"ಬಾಕಿ ಏನರ ಐತೇನು, ಪೈಲ್ವಾನ?" ಎಂದು ದೇಸಾಯರು ಮೆಲ್ಲಗೆ, ಮಮತೆಯಿಂದಲೇ ಎಂಬಂತೆ ಕೇಳಿದರು.

"ಇಲ್ಲರಿ. ತುಂಬೈತ್ರಿ," ಎಂದಳು ಕಸ್ತೂರಿ.

"ಇಷ್ಟ ಸಾಕು, ಸ್ವಾಮಿ," ಎಂದು ದೇಸಾಯರು ಕೂತುಬಿಟ್ಟರು. ಈ ಮೈ ಅವರದು, ಬಾಕಿ ಇಲ್ಲ ಎಂದು ಅರ್ಜಿದಾರಳೇ ಪ್ರಮಾಣ ಮಾಡಿ ಹೇಳಿದ್ದು ದಾಖಲಾಗಿಹೋಯಿತು. ಅದು ಪದ್ಧತಿಯ ಮಾತು, ಹೃದಯದ ಮಾತಲ್ಲ ಎಂದು ಜುಬೇದಾ ಎಷ್ಟು ವಾದಿಸಿದರೂ ನ್ಯಾಯಾಧೀಶರು ಒಪ್ಪಲಿಲ್ಲ. ನನ್ನನ್ನು ಕೇಳಿದರೆ ಅದು ಹೃದಯದ ಮಾತೇ ಆಗಿತ್ತು, ಅದೇ ಕಷ್ಟ.

ಹೊರಗೆ ಹುಣಸೆ ಮರದ ಕೆಳಗೆ ಜುಬೇದಾ ಅವಳ ಎರಡೂ ಭುಜ ಹಿಡಿದು ಅಲುಗಾಡಿಸಿದಳು. "ಯಾಕವಾ ಹಂಗ ಅಂದಿ? ಎಷ್ಟ ಸಲ ಹೇಳಿದ್ದೆ ನಿನಗ?"

"ಅವರು ಹಂಗ ಕೇಳಿದ್ರ ಹಂಗ ಅನ್ನಬೇಕ್ರಿ ಮೇಡಂ," ಎಂದಳು ಕಸ್ತೂರಿ. ತಾನು ಏನು ಮಾಡಿಕೊಂಡೆ ಎಂಬುದು ಅವಳಿಗೆ ಆಗ ಮೆಲ್ಲಗೆ ತಿಳಿಯತೊಡಗಿತ್ತು. "ಇಲ್ಲಾಂದ್ರ ಉಸ್ತಾದರಿಗೆ ಕೆಟ್ಟ ಹೆಸರು ಬರತಿತ್ರಿ."

"ಸತ್ತವರಿಗೆ ಹೆಸರು ಉಳಿಸಿ ಕೈ ಕಳಕೊಂಡಿ," ಎಂದು ಜುಬೇದಾ ಮುಖ ತಿರುಗಿಸಿದಳು. ಅವಳ ಕಣ್ಣೂ ತುಂಬಿತ್ತು.

ತೀರ್ಪು ಬಂದಾಗ ಎರಡು ವರ್ಷ ತುಂಬಲು ಇನ್ನೂ ಸ್ವಲ್ಪ ದಿನಗಳಿದ್ದವು. ಆಟವೂ ದುಡಿಮೆಯೇ, ಪ್ರಸಾರದ ಆದಾಯದಲ್ಲಿ ಕ್ರೀಡಾಪಟುಗಳಿಗೆ ಪಾಲಿದೆ ಎಂದು ನ್ಯಾಯಾಲಯ ಹೇಳಿತು. ರಾಜ್ಯದ ಹಾಸ್ಟೆಲುಗಳಲ್ಲೆಲ್ಲ ಪಟಾಕಿ ಹಾರಿದವು. ಮೊದಲ ಅರ್ಜಿದಾರಳ ಮಟ್ಟಿಗೆ ಮಾತ್ರ, ಆಕೆ ಪ್ರತಿಫಲವನ್ನು ಪೂರ್ತಿ ಪಡೆದಿರುವುದಾಗಿ ಸ್ವತಃ ಒಪ್ಪಿಕೊಂಡಿರುವುದರಿಂದ, ಆಕೆಯ ಮುದ್ರಿಕೆಗಳ ಮೇಲೆ ಆಕೆಗೆ ಯಾವ ಹಕ್ಕೂ ಇರುವುದಿಲ್ಲ. ಎಲ್ಲರಿಗೂ ಬಾಗಿಲು ತೆರೆದು, ತೆರೆಸಿದವಳನ್ನು ಹೊಸ್ತಿಲಾಚೆ ನಿಲ್ಲಿಸಿದ ತೀರ್ಪು. ಪೇಪರಿನವರು ಅದಕ್ಕೆ ಕಸ್ತೂರಿ ತೀರ್ಪು ಎಂದೇ ಹೆಸರಿಟ್ಟರು. ಜುಬೇದಾ ಮೇಲಿನ ಕೋರ್ಟಿಗೆ ಹೋಗೋಣ ಎಂದಳು. ಅಲ್ಲಿಯ ತನಕ ಕೈ ಕಾಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಅವಳೂ ಸುಮ್ಮನಾದಳು.

ಕಸ್ತೂರಿ ಬ್ಯಾಡಗಿಗೆ ಮರಳಿದಳು. ದಲಾಲಿ ಅಂಗಡಿಯ ಅಂಗಳದಲ್ಲಿ ಕೆಂಪು ರಾಶಿಯ ಮುಂದೆ ತಾಯಿಯ ಪಕ್ಕ ಕೂತು, ಎಡಗೈಯೊಂದರಿಂದಲೇ ತೊಟ್ಟು ಬಿಡಿಸುವುದನ್ನು ಕಲಿತಳು. ಮೆಣಸಿನಕಾಯಿಯನ್ನು ಎರಡು ಕಾಲ್ಬೆರಳ ನಡುವೆ ಸಿಕ್ಕಿಸಿಕೊಂಡು ಕೈಯಿಂದ ತೊಟ್ಟು ಮುರಿಯಬೇಕಿತ್ತು. ಉಳಿದ ಹೆಂಗಸರು ಒಂದು ಚೀಲ ಮುಗಿಸುವ ಹೊತ್ತಿಗೆ ಅವಳದು ಕಾಲು ಚೀಲವೂ ಆಗುತ್ತಿರಲಿಲ್ಲ. ಅವರು ಯಾರೂ ಏನೂ ಅನ್ನಲಿಲ್ಲ. ಅನ್ನುತ್ತಿದ್ದವಳು ದುರಗವ್ವ.

"ಉಂಡ ಮನಿ ಜಂತಿ ಎಣಿಸಬಾರದಂತ. ಖರೇ ಐತಿ. ಜಂತಿ ಎಣಿಸೋದು ಬ್ಯಾಡಾಗಿತ್ತು, ನಿನ್ನ ಕೈ ಬೆರಳರ ಎಣಿಸಿಕೋಬೇಕಿತ್ತಲ್ಲ."

ಕಸ್ತೂರಿ ಇನ್ನೊಂದು ಮೆಣಸಿನಕಾಯಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಮಾತು ಆಡಿದರ ಹೋತು, ಮುತ್ತು ಒಡದರ ಹೋತು. ತುಂಬೈತಂತ! ಏನ ತುಂಬಿತ್ತು ನಿನ್ನ ಹೊಟ್ಟ್ಯಾಗ?"

ದುರಗವ್ವ ಕೆಟ್ಟವಳಲ್ಲ. ದಿನಾ ಎಣ್ಣೆ ಹಚ್ಚಿ ನೀವಿದ ಕೈ ಕಣ್ಣೆದುರೇ ಒಣಗುವಾಗ ಯಾರನ್ನಾದರೂ ಬಯ್ಯಬೇಕಿತ್ತು. ಕಾಲೇಜು ದೂರ, ಕೋರ್ಟು ಇನ್ನೂ ದೂರ, ಪಕ್ಕದಲ್ಲಿದ್ದವಳು ಮಗಳು. ಬಯ್ಯುವುದೇನೂ ಬೇಕಾಗಿರಲಿಲ್ಲ, ಆ ಮಾತುಗಳನ್ನು ಕಸ್ತೂರಿ ತನಗೆ ತಾನೇ ಅದಕ್ಕಿಂತ ಹರಿತವಾಗಿ ಹೇಳಿಕೊಳ್ಳುತ್ತಿದ್ದಳು. ಊಟದ ಮಧ್ಯೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ನಾಲಿಗೆ ಕಚ್ಚಿಕೊಂಡು, ಕಚ್ಚಿದ್ದು ಸಾಲದೆನಿಸಿ ಮತ್ತೆ ಕಚ್ಚಿಕೊಳ್ಳುತ್ತಿದ್ದಳು. 'ಇಲ್ಲರಿ' ಎಂಬ ಜಾಗದಲ್ಲಿ 'ಐತ್ರಿ' ಎಂದಿದ್ದರೆ ಆಗುತ್ತಿತ್ತು. ಅಷ್ಟೇ. ಮಣ್ಣಿಗೆ ಹೋದ ಉಸ್ತಾದ ಎದ್ದು ಬಂದು ಕೇಳುತ್ತಿದ್ದನೇ?

ಒಂದು ದಿನ ದಲಾಲಿ ಅಂಗಡಿಯ ಮಾಲೀಕ ಚನ್ನವೀರಪ್ಪ ಒಳಗಿನ ಕೋಣೆಯಲ್ಲಿ ಮೈಯಂಗಿ ಕಳಚಿಟ್ಟು ಅಂಗಳಕ್ಕೆ ಬಂದ. ಒಳ್ಳೆಯ ಮನುಷ್ಯ, ಅವಳಿಗೆ ಕೆಲಸ ಕೊಟ್ಟವನೂ ಅವನೇ. ಮೆಚ್ಚುಗೆಯಿಂದಲೇ ಹೇಳಿದ.

"ಇವತ್ತೂ ನಿನ್ನ ಹಿಡಿತ ಹಿಡಿದು ನೋಡಿದೆ ನೋಡವಾ. ಎಂಥಾ ಕೈ ಮಾರಾಯ್ತಿ ಅದು!"

ಹೆಂಗಸರೆಲ್ಲ ತಲೆ ತಗ್ಗಿಸಿದರು. ಕಸ್ತೂರಿ ಮಾತ್ರ ತಲೆಯೆತ್ತಿ ಕೇಳಿದಳು. "ಹೆಂಗಿತ್ರಿ, ಅಣ್ಣಾರ?"

ಅವಳು ಅಣಕಿಸಿ ಕೇಳಿದ್ದಲ್ಲ. ಅವಳಿಗೆ ಅದು ಮರೆಯುತ್ತ ಬಂದಿತ್ತು. ಚನ್ನವೀರಪ್ಪ, ಚಲೋ ಇತ್ತವಾ, ಚಲೋ ಇತ್ತು ಎನ್ನುತ್ತ ಒಳಗೆ ಹೋದ. ಅಂದೇ ಅವನು ಅಂಗಿಯನ್ನು ಮನೆಗೆ ಒಯ್ದಿಟ್ಟ.

ಗಲಗಲಿ ಬಂದದ್ದು ಆಮೇಲೆ, ಬಿಸಿಲು ಏರಿದ ಒಂದು ಮಧ್ಯಾಹ್ನ. ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಬಂದವನು, ಘಾಟಿಗೆ ಕೆಮ್ಮುತ್ತ, ಮೂಗಿಗೆ ಕರವಸ್ತ್ರ ಹಿಡಿದು ಅಂಗಳದ ಬಾಗಿಲಲ್ಲಿ ನಿಂತ. ಕಸ್ತೂರಿ ಅವನನ್ನು ಕೋರ್ಟಿನಲ್ಲಿ ಒಮ್ಮೆ ನೋಡಿದ್ದಳು ಅಷ್ಟೇ. ಅವನಿಗೆ ಅವಳ ಮೈಯ ಒಂದೊಂದು ನೋವೂ ಗೊತ್ತಿತ್ತು. ಅವಳು ಎದ್ದು ಗೋಣಿಚೀಲ ಹಾಸಿಕೊಟ್ಟಳು. ಅವನು ಕೂರಲಿಲ್ಲ.

"ನಾ ನೌಕರಿ ಬಿಟ್ಟೆ," ಎಂದ. "ಬಿಡೂದಕಿಂತ ಮೊದಲು ಒಂದು ಕೆಲಸ ಮಾಡಬೇಕಂತಿದ್ದೆ. ನಿನ್ನ ಹಸಿ ಮುದ್ರಿಕೆ ಕದ್ದು ತರಬೇಕಂತ. ತೀರ್ಪಿನ ಮ್ಯಾಲೆ ಪಾಲುದಾರರಿಗೆ ಮಾಲು ತೋರಸಬೇಕಾತಲ್ಲ, ಉಗ್ರಾಣ ತಗದು ಎಣಿಸಲಿಕ್ಕೆ ನನ್ನನ್ನೇ ಹಚ್ಚಿದ್ರು."

ದುರಗವ್ವನ ಕೈ ನಿಂತಿತು. ಕಸ್ತೂರಿ ಅವನನ್ನೇ ನೋಡುತ್ತಿದ್ದಳು.

"ಇಲ್ಲ, ಕಸ್ತೂರಿ."

"ಸಿಗಲಿಲ್ಲೇನ್ರಿ?"

"ಸಿಗೂದಲ್ಲ. ಇಲ್ಲೇ ಇಲ್ಲ. ಎಂದೂ ಇದ್ದಿಲ್ಲ." ಅವನು ಕೆಮ್ಮಿದ. "ನೋವಿಗೆ ಭಾಳ ಜಾಗಾ ಬೇಕು. ಗೆದ್ದದ್ದು, ಎತ್ತಿದ್ದು, ಕುಣಿದದ್ದು ಎಲ್ಲಾ ಸೇರಿ ಒಂದು ಡಬ್ಬಿ ಆದ್ರ ನೋವೊಂದೇ ಹತ್ತು ಡಬ್ಬಿ ತುಂಬತದ. ಖರ್ಚು ಉಳಿಸಬೇಕಂತ ಕಂಪನಿಯವರು ಕುಸ್ತಿ ಮುಗಿದ ರಾತ್ರಿನ ಹಸೀದನ್ನೆಲ್ಲ ಅಳಿಸಿಬಿಡತಿದ್ರು. ಜರಡಿ ಹಿಡಿದದ್ದು ಅಷ್ಟೇ ಇಟ್ಟಾರ. ಬರೇ ಸುಖ. ಡಾಕ್ಟರ ಕಡೆ ಒಯ್ದು ತೋರಿಸಿದೆ. ಇದರಿಂದ ಏನೂ ಆಗಂಗಿಲ್ಲ ಅಂದ್ರು."

"ಮತ್ತ ಕೊಡಂಗಿಲ್ಲ, ಕೊಡಂಗಿಲ್ಲ ಅಂತ ಕಾಲೇಜಿನವರು ಎರಡು ವರ್ಷ ಬಡದಾಡಿದ್ರಲ್ಲರಿ?"

"ಅವರಿಗೂ ಗೊತ್ತಿದ್ದಿಲ್ಲ. ಯಾರೂ ಬಾಗಲಾ ತಗದು ನೋಡಿದ್ದೇ ಇಲ್ಲ. ನಾನೂ ನೋಡಲಾರದ ಕೋರ್ಟಿನಾಗ ಅದ ಅಂತ ಹೇಳಿದೆ."

ಅಂಗಳದಲ್ಲಿ ಹೆಂಗಸರೆಲ್ಲ ಕೆಲಸ ನಿಲ್ಲಿಸಿದ್ದರು. ಕಸ್ತೂರಿ ತಾಯಿಯ ಪಕ್ಕ ಕೂತಳು. ಆಮೇಲೆ ಒಂದೊಂದೇ ಮಾತು ತೂಗಿ ನೋಡುವವಳಂತೆ ಕೇಳಿದಳು.

"ಹಂಗಾದ್ರ ಸರ, ಆವತ್ತ ನಾ ಬಾಕಿ ಐತಿ ಅಂದಿದ್ರೂ..."

"ಅಂದಿದ್ರೂ ಇಷ್ಟ."

"ಕೇಸ ಗೆದ್ದಿದ್ರೂ?"

"ಗೆದ್ದಿದ್ರೂ."

"ಕಾಲೇಜಿನವರು ಮೊದಲ ದಿನಾನ ಹೂಂ ಅಂದಿದ್ರೂ?"

"ಅಂದಿದ್ರೂ ಕೊಡಲಿಕ್ಕೆ ಏನೂ ಇದ್ದಿಲ್ಲವಾ."

ಕಸ್ತೂರಿಯ ಮುಖದ ಬಿಗಿ ಸಡಿಲಿತು. ಗಲಗಲಿ ಅವಳು ಅಳುತ್ತಾಳೆಂದುಕೊಂಡ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದ. ಅವಳು ನಕ್ಕಳು. ಹಾಸ್ಟೆಲಿನ ದಿನಗಳ ಹುಡುಗಿಯ ಹಾಗೆ, ಹಲ್ಲು ತೋರಿಸಿ ನಕ್ಕಳು. ಎಡಗೈಯಿಂದ ತಾಯಿಯ ಮೊಣಕಾಲು ಹಿಡಿದು ಅಲುಗಾಡಿಸಿದಳು.

"ಅವ್ವಾ, ಕೇಳಿದೇನ? ನನ್ನ ಬಾಯಿಂದ ಹೋಗಿಲ್ಲಬೇ! ನಾ ಏನಂದಿದ್ರೂ ಹೋಗತಿತ್ತಂತ! ನನ್ನ ತಪ್ಪಲ್ಲಬೇ ಅದು!"

ದುರಗವ್ವ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ಕೂತಿದ್ದಳು. ಮೆಣಸಿನಕಾಯಿ ಮುಟ್ಟಿದ ಕೈಯಿಂದ ಕಣ್ಣು ಒರೆಸಿಕೊಳ್ಳಲು ಬರುವುದಿಲ್ಲ, ಮಗಳ ಗಲ್ಲ ಸವರಲೂ ಬರುವುದಿಲ್ಲ. ನೀರು ಹಾಗೆಯೇ ಇಳಿಯುತ್ತಿತ್ತು. ಅವಳು ಮಗಳ ನಗುವನ್ನು ನೋಡಲಿಲ್ಲ, ಗಲಗಲಿಯ ಮುಖವನ್ನೇ ನೋಡಿದಳು.

"ಹಂಗಾದ್ರ ಕೈ, ಸರ್ರ?" ಎಂದು ಕೇಳಿದಳು.

ಗಲಗಲಿ ಕರವಸ್ತ್ರವನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಕಸ್ತೂರಿ ಇನ್ನೂ ನಗುತ್ತಲೇ ಇದ್ದಳು. ಅವನಿಗೆ ತನ್ನ ಮಾತು ಕೇಳಿಸಲಿಲ್ಲವೇನೋ ಎಂದುಕೊಂಡು ದುರಗವ್ವ ಇನ್ನಷ್ಟು ದೊಡ್ಡ ದನಿಯಲ್ಲಿ ಕೇಳಿದಳು.

"ಸರ್ರ, ಕೈ?"